ಹಳೇ ಐಪಾಡ್ ವಿಡಿಯೊ ರಿಪೇರಿ: ಕಾರ್ಡು, ಬ್ಯಾಟರಿ, ರಾಕ್‌ಬಾಕ್ಸ್, ಲೈನ್-ಔಟ್

ಮೇಜಿನ ಮೇಲಿರುವುದು 30 ಜಿಬಿಯ ಬಿಳಿ ಐಪಾಡ್ ವಿಡಿಯೊ. ಹಿಂಬದಿಯ ಸ್ಟೀಲ್ ಮೇಲೆ ಎ1136 ಎಂಬ ಮಾದರಿ ಸಂಖ್ಯೆ ಇದೆ. ಮೆನುವಿನಲ್ಲಿ 'ಸರ್ಚ್' ಆಯ್ಕೆ ಇರುವುದರಿಂದ ಇದು ಐದನೇ ಪೀಳಿಗೆಯ ಐಪಾಡಿಗೆ 2006ರ ಸೆಪ್ಟೆಂಬರಿನಲ್ಲಿ ಬಂದ ಸುಧಾರಿತ ಆವೃತ್ತಿ, ಅಂದರೆ ಬಳಸುವವರ ಬಾಯಲ್ಲಿ 'ಐದೂವರೆ'. ಹತ್ತು ಸಲ ಆನ್ ಮಾಡಿದರೆ ಎರಡು ಸಲ ಮೆನು ಬರುತ್ತದೆ. ಉಳಿದ ಎಂಟು ಸಲ ಡಿಸ್ಕ್ ಟಿಕ್ ಟಿಕ್ ಅಂದು ಕೊನೆಗೆ ಪರದೆಯ ಮೇಲೆ ಕೆಂಪು ಗುಣಾಕಾರ ಚಿಹ್ನೆ. ಚಾರ್ಜರ್ ಕಿತ್ತರೆ ಕೆಲವೇ ನಿಮಿಷಕ್ಕೆ ಸತ್ತುಹೋಗುತ್ತದೆ. ಹೆಡ್‌ಫೋನ್ ಪಿನ್ ಸ್ವಲ್ಪ ತಿರುಗಿಸಿದರೆ ಎಡಗಿವಿಯ ಸದ್ದು ಹೋಗಿ ಬರುತ್ತದೆ. ಡಿಸ್ಕ್, ಬ್ಯಾಟರಿ, ಜಾಕ್: ಈ ವಯಸ್ಸಿನ ಯಂತ್ರಕ್ಕೆ ಬರುವ ಮೂರೂ ಕಾಯಿಲೆ ಇದರಲ್ಲಿವೆ, ಮೂರಕ್ಕೂ ಮದ್ದಿದೆ.

ಒಳ್ಳೆಯ ಸಂಗೀತ ಕೇಳಲು ಇದನ್ನೇ ಯಾಕೆ ರಿಪೇರಿ ಮಾಡಬೇಕು ಎಂಬುದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ 'ಒಳಗೆ ವುಲ್ಫ್‌ಸನ್ ಚಿಪ್ ಇದೆ' ಎಂಬುದು. ಫೈಲಿನ ಅಂಕಿಗಳನ್ನು ಸದ್ದಾಗಿ ಬದಲಿಸುವ ಆ ಚಿಪ್ ಇರುವುದು ನಿಜ, ಡಬ್ಲ್ಯುಎಂ8758. ಅದು ಒಳ್ಳೆಯ ಚಿಪ್ಪೇ. ಆದರೆ ಚಿಪ್ಪಿನ ಹೆಸರಿನಿಂದ ನಾದ ಬರುವುದಿಲ್ಲ. 2007ರಲ್ಲಿ ಬಂದ ಐಪಾಡ್ ಕ್ಲಾಸಿಕ್‌ನಲ್ಲಿ ಸಿರಸ್ ಲಾಜಿಕ್ ಚಿಪ್ ಇದೆ, ಅದೂ ಕೆಟ್ಟದ್ದಲ್ಲ. ಐದನೇ ಪೀಳಿಗೆಯನ್ನು ಆರಿಸಿಕೊಳ್ಳಲು ಇರುವ ಕಾರಣಗಳು ಬೇರೆ. ಇದರ ಮುಂಭಾಗ ಪ್ಲಾಸ್ಟಿಕ್ಕಿನದು, ಹಾಗಾಗಿ ಬಿಚ್ಚುವುದು ಸುಲಭ; ಕ್ಲಾಸಿಕ್‌ನ ಎರಡೂ ಬದಿ ಲೋಹ, ಬಿಚ್ಚುವಾಗ ಅಂಚು ಸೊಟ್ಟಗಾಗದೆ ಉಳಿದರೆ ಪುಣ್ಯ. 2007 ಮತ್ತು 2008ರ ಕ್ಲಾಸಿಕ್‌ಗಳಲ್ಲಿ ಆಪಲ್ ಸಾಫ್ಟ್‌ವೇರ್ 128 ಜಿಬಿಗಿಂತ ಆಚೆ ನೋಡುವುದಿಲ್ಲ, ಇದಕ್ಕೆ ಆ ತೊಡಕಿಲ್ಲ. ಆಪಲ್ ಸಾಫ್ಟ್‌ವೇರ್ ಬದಲಿಗೆ ಹಾಕಬಹುದಾದ ಉಚಿತ ಸಾಫ್ಟ್‌ವೇರ್ ರಾಕ್‌ಬಾಕ್ಸ್ ಇದರ ಮೇಲೆ ಬಹಳ ವರ್ಷಗಳಿಂದ ಪಳಗಿದೆ.

ಬಿಚ್ಚುವ ಮೊದಲು

ಮೊದಲು ಡಯಾಗ್ನೋಸ್ಟಿಕ್ ಮೋಡ್ ನೋಡಿ. ಹೋಲ್ಡ್ ಸ್ವಿಚ್ಚನ್ನು ಒಮ್ಮೆ ಆಚೀಚೆ ಸರಿಸಿ, ಮೆನು ಮತ್ತು ನಡುವಿನ ಬಟನ್ ಎರಡನ್ನೂ ಒತ್ತಿ ಹಿಡಿಯಿರಿ. ಆಪಲ್ ಗುರುತು ಕಂಡ ಕೂಡಲೇ ಕೈಬಿಟ್ಟು, ನಡುವಿನ ಬಟನ್ ಮತ್ತು ಹಿಂದಕ್ಕೆ ಹೋಗುವ ಬಟನ್ ಒತ್ತಿ ಹಿಡಿದರೆ ಪರೀಕ್ಷೆಯ ಮೆನು ಬರುತ್ತದೆ. ಅದರಲ್ಲಿ ಹಾರ್ಡ್ ಡ್ರೈವ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಡೇಟಾ ಪುಟವಿದೆ. 'ರಿಯಲಾಕ್ಸ್', 'ಪೆಂಡಿಂಗ್ ಸೆಕ್ಟರ್ಸ್' ಎಂಬ ಎರಡು ಸಾಲು ಸೊನ್ನೆಯಾಗಿದ್ದರೆ ಡಿಸ್ಕ್ ಚೆನ್ನಾಗಿದೆ, ತೊಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಚಪ್ಪಟೆ ಕೇಬಲ್ಲಿನಲ್ಲಿ, ಅಂದರೆ ರಿಬ್ಬನ್‌ನಲ್ಲಿರಬಹುದು. ಇಲ್ಲಿ ಎರಡೂ ಏರಿವೆ. ಡಿಸ್ಕ್ ಹೋಗಿದೆ, ಅನುಮಾನವಿಲ್ಲ.

ಜಾಕ್ ಪರೀಕ್ಷೆಗೆ ಗಾಯಕರ ಧ್ವನಿ ನಟ್ಟನಡುವೆ ಇರುವ ಯಾವುದಾದರೂ ಕಛೇರಿ ಹಾಕಿ ಪಿನ್ ತಿರುಗಿಸಿ. ಒಂದು ಕಿವಿ ಮಾತ್ರ ಹೋದರೆ ಆ ಬದಿಯ ಸಂಪರ್ಕ ಸಡಿಲ. ಹಾಡುವವರ ಧ್ವನಿಯೇ ಮಾಯವಾಗಿ, ಬಾವಿಯೊಳಗಿಂದ ಬಂದ ಹಾಗೆ ಪಕ್ಕವಾದ್ಯದ ಚೂರುಪಾರು ಮತ್ತು ಸಭಾಂಗಣದ ಪ್ರತಿಧ್ವನಿ ಉಳಿದರೆ ಗ್ರೌಂಡ್ ಕಡಿದಿದೆ ಎಂದರ್ಥ. ಗ್ರೌಂಡ್ ಇಲ್ಲದಾಗ ಎರಡು ಕಿವಿಯ ಸ್ಪೀಕರುಗಳು ಸರಣಿಯಲ್ಲಿ ಕೂಡಿಕೊಂಡು ಎಡ-ಬಲದ ವ್ಯತ್ಯಾಸವನ್ನಷ್ಟೇ ನುಡಿಸುತ್ತವೆ. ಎರಡೂ ಕಡೆ ಸಮವಾಗಿರುವ ಧ್ವನಿ ಒಂದನ್ನೊಂದು ಕಳೆದುಕೊಳ್ಳುತ್ತದೆ. ಇದನ್ನು ಗುರುತಿಸಲಾಗದೆ ಫೈಲ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಕಾಪಿ ಮಾಡುವವರಿದ್ದಾರೆ. ಬೇರೆ ಹೆಡ್‌ಫೋನ್ ಹಾಕಿ ನೋಡುವುದನ್ನು ಮರೆಯಬೇಡಿ, ಎಷ್ಟೋ ಸಲ ದೋಷ ಅದರ ಪಿನ್ನಿನ ಬುಡದಲ್ಲಿರುತ್ತದೆ.

ಬ್ಯಾಟರಿ ಉಬ್ಬಿದೆಯೇ ಎಂಬುದನ್ನೂ ಹೊರಗಿನಿಂದಲೇ ತಿಳಿಯಬಹುದು. ಮುಂಭಾಗ ಮತ್ತು ಸ್ಟೀಲ್ ಬೆನ್ನಿನ ನಡುವಿನ ಸಂದು ಒಂದೇ ಸಮ ಇಲ್ಲದಿದ್ದರೆ, ಪರದೆಯಲ್ಲಿ ಒಂದು ಕಡೆ ಬೆಳ್ಳಗಿನ ಮಚ್ಚೆ ಕಂಡರೆ, ಉಬ್ಬಿದೆ. ಅಂಥದ್ದಕ್ಕೆ ಲೋಹದ ಉಪಕರಣ ತಾಗಿಸಕೂಡದು.

ಸಾಮಾನು

ಐಸೊಪ್ರೊಪೈಲ್ ಆಲ್ಕೊಹಾಲ್, ಪ್ಲಾಸ್ಟಿಕ್ ಪಿಕ್, ಹಳದಿ ಹೀಟ್ ಟೇಪ್, ತೆಳು ಡಬಲ್ ಟೇಪ್, ಫಿಲಿಪ್ಸ್ 00 ಸ್ಕ್ರೂಡ್ರೈವರ್ ಇವಿಷ್ಟಕ್ಕೆ ಮೈಸೂರು ದಾಟಬೇಕಿಲ್ಲ. ದೇವರಾಜ ಅರಸು ರಸ್ತೆಯ ಸುತ್ತಮುತ್ತ ಮೊಬೈಲ್ ರಿಪೇರಿ ಮಾಡುವವರೆಲ್ಲ ದಿನಾ ಬಳಸುವ ವಸ್ತುಗಳಿವು. ಕನೆಕ್ಟರ್, ಕೆಪಾಸಿಟರ್, ಶೀಲ್ಡ್ ವೈರ್ ಬೇಕಾದವರು ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಬಹುದು. ಕಾರ್ಡ್ ಅಡಾಪ್ಟರ್, ಬ್ಯಾಟರಿ, ಜಾಕ್ ಜೋಡಣೆ ಮಾತ್ರ ಆನ್‌ಲೈನ್‌ನಲ್ಲೇ ತರಿಸಬೇಕು.

ಹಾರ್ಡ್ ಡಿಸ್ಕ್ ಜಾಗಕ್ಕೆ ಐಫ್ಲ್ಯಾಶ್ ಸೋಲೊ ಎಂಬ ಅಡಾಪ್ಟರ್ ಹಾಕುತ್ತಿದ್ದೇವೆ. ಒಂದು ದೊಡ್ಡ ಗಾತ್ರದ ಎಸ್‌ಡಿ ಕಾರ್ಡ್ ಅದರಲ್ಲಿ ಕೂರುತ್ತದೆ. ನಾಲ್ಕು ಮೈಕ್ರೊ ಎಸ್‌ಡಿ ಹಿಡಿಸುವ ಕ್ವಾಡ್ ಕೂಡ ಇದೆ, ಆದರೆ ನಾಲ್ಕು ಕಾರ್ಡಿನಲ್ಲಿ ಒಂದು ಕೈಕೊಟ್ಟರೂ ಇಡೀ ಸಂಗ್ರಹ ಹೋಗುತ್ತದೆ. 256 ಜಿಬಿಯ ಒಂದೇ ಕಾರ್ಡ್ ಸಾಕು ಎಂಬುದು ಇಲ್ಲಿನ ತೀರ್ಮಾನ. ಲೆಕ್ಕ ಹೀಗೆ: ಸಿಡಿಯ ಸದ್ದು ಒಂದು ಗಂಟೆಗೆ 635 ಎಂಬಿ. ಗುಣ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿದರೆ ಸುಮಾರಾಗಿ ಅರ್ಧಕ್ಕೆ ಬರುತ್ತದೆ, 350 ಎಂಬಿ ಎಂದು ಹಿಡಿಯೋಣ. ಅಲ್ಲಿಗೆ 256 ಜಿಬಿಯಲ್ಲಿ ಏಳುನೂರು ಗಂಟೆಗಿಂತ ಹೆಚ್ಚಿನ ಸಂಗೀತ. ಮೈಕ್ರೊ ಕಾರ್ಡನ್ನು ಪ್ಲಾಸ್ಟಿಕ್ ತೊಟ್ಟಿಲಲ್ಲಿ ಕೂರಿಸಿ ದೊಡ್ಡದರ ಜಾಗಕ್ಕೆ ಹಾಕಬೇಡಿ. ಕಳಚಿಕೊಳ್ಳಬಹುದಾದ ಸಂಪರ್ಕ ಇನ್ನೊಂದು ಸಾಲು ಹೆಚ್ಚಾಗುತ್ತದೆ ಅಷ್ಟೆ.

ಕಾರ್ಡ್ ಬಂದ ದಿನ ಮಾಡಬೇಕಾದ್ದು ಒಂದೇ: ಅದು ಅಸಲಿಯೋ ಎಂದು ಪೂರ್ತಿ ತುಂಬಿಸಿ ನೋಡುವುದು. ನಕಲಿ ಕಾರ್ಡಿನಲ್ಲಿ ಇರುವುದು ಚಿಕ್ಕ ಮೆಮೊರಿ. ಅದರ ಕಂಟ್ರೋಲರ್ ಮಾತ್ರ 256 ಜಿಬಿ ಇದೆ ಎಂದು ಸುಳ್ಳು ಹೇಳುತ್ತದೆ. ನಿಜವಾದ ಜಾಗ ಮುಗಿದ ಮೇಲೂ ದೋಷ ತೋರಿಸದೆ ಬರೆಯುತ್ತಲೇ ಹೋಗುತ್ತದೆ, ಬರೆದದ್ದು ಹಳೆಯದರ ಮೇಲೆ ಬೀಳುತ್ತದೆ ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಸಾಧನಗಳು ಕಾರ್ಡನ್ನು ತುದಿಯವರೆಗೆ ತುಂಬಿಸಿ ಮತ್ತೆ ಓದಿ ತಾಳೆ ನೋಡುತ್ತವೆ. 256 ಜಿಬಿಗೆ ಅರ್ಧ ದಿನ ಹಿಡಿಯಬಹುದು. ಹಿಡಿಯಲಿ. ಈ ಹೆಜ್ಜೆ ಬಿಟ್ಟವರು ಮುಂದೆ ಅಡಾಪ್ಟರನ್ನೂ ರಾಕ್‌ಬಾಕ್ಸನ್ನೂ ಬೈಯುತ್ತಾ ವಾರ ಕಳೆಯುತ್ತಾರೆ.

ಬ್ಯಾಟರಿ ವಿಷಯಕ್ಕೆ ಬೆನ್ನಿನ ದಪ್ಪ ಮುಖ್ಯ. 30 ಜಿಬಿ ಯಂತ್ರ 11 ಮಿಲಿಮೀಟರ್ ದಪ್ಪ. 60 ಮತ್ತು 80 ಜಿಬಿಯವು 14. ಡಿಸ್ಕ್ ತೆಗೆದಾಗ ಜಾಗ ಉಳಿಯುವುದು ನಿಜವಾದರೂ, ತೆಳು ಬೆನ್ನಿಗೆ ದಪ್ಪ ಬ್ಯಾಟರಿ ತುರುಕಿದರೆ ಅದು ಪರದೆಯನ್ನು ಹಿಂದಿನಿಂದ ತಳ್ಳುತ್ತದೆ. ದೊಡ್ಡ ಬ್ಯಾಟರಿಯೇ ಬೇಕೆಂದರೆ ದಪ್ಪ ಬೆನ್ನನ್ನೂ ಜೊತೆಗೆ ತರಿಸಿ. ಮುಂಭಾಗ ಎರಡಕ್ಕೂ ಒಂದೇ. ಬ್ಯಾಟರಿಯ ಮೇಲೆ ಮುದ್ರಿಸಿರುವ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಅಂಕಿಯನ್ನು ನಂಬುವುದಕ್ಕಿಂತ ಅದರ ದಪ್ಪ ಅಳೆದು ನೋಡುವುದು ಲೇಸು. ಇಲ್ಲಿ ಮೂಲ ಅಳತೆಯ ತೆಳು ಬ್ಯಾಟರಿಯನ್ನೇ ಹಾಕಿದ್ದೇವೆ.

ಬಿಚ್ಚುವುದು

ಹೋಲ್ಡ್ ಸ್ವಿಚ್ ಆನ್ ಮಾಡಿಡಿ, ಕೆಲಸದ ನಡುವೆ ಯಂತ್ರ ಏಳಬಾರದು. ಪಿಕ್ಕನ್ನು ಪಕ್ಕದ ಅಂಚಿನ ನಡುಭಾಗದಿಂದ, ಪ್ಲಾಸ್ಟಿಕ್ ಮತ್ತು ಸ್ಟೀಲ್ ನಡುವೆ ತೂರಿಸಿ. ಸ್ಟೀಲ್ ಅಂಚಿನ ಒಳಗೆ ಸಣ್ಣ ಕೊಕ್ಕೆಗಳ ಸಾಲಿದೆ. ಒಂದೊಂದೇ 'ಟಪ್' ಎಂದು ಬಿಡುತ್ತದೆ. ಒಂದು ಕಡೆ ಬಿಟ್ಟ ಮೇಲೆ ಪಿಕ್ ಅಲ್ಲೇ ಇಟ್ಟು ಎರಡನೆಯದನ್ನು ಇನ್ನೊಂದು ಬದಿಗೆ ಒಯ್ಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಸ್ಟೀಲ್ ಬಾಗುತ್ತದೆ, ಆಮೇಲೆ ಆ ಸಂದು ಜನ್ಮದಲ್ಲಿ ಮುಚ್ಚುವುದಿಲ್ಲ.

ತೆರೆದ ಕೂಡಲೇ ಎಳೆಯಬೇಡಿ. ಎರಡು ಭಾಗಗಳನ್ನು ಎರಡು ರಿಬ್ಬನ್‌ಗಳು ಕೂಡಿಸಿವೆ: ಒಂದು ಬ್ಯಾಟರಿಯದು, ಇನ್ನೊಂದು ಹೆಡ್‌ಫೋನ್ ಜಾಕಿನದು. ಬ್ಯಾಟರಿಯ ಕನೆಕ್ಟರ್ ಕಂದು ಬಣ್ಣದ್ದು, ಈ ಇಡೀ ಕೆಲಸದಲ್ಲಿ ಹೆಚ್ಚು ಜನ ಮುರಿದುಕೊಳ್ಳುವ ಭಾಗ ಅದೇ. ಅದು ಬಾಗಿಲಿನಂತೆ ಮಗುಚುವ ಬಗೆಯದಲ್ಲ. ಎರಡು ತುದಿಯಲ್ಲಿ ಹಿಡಿದು ನೇರ ಮೇಲಕ್ಕೆ ಸುಮಾರು 2 ಮಿಲಿಮೀಟರ್ ಎತ್ತಬೇಕು, ಅಷ್ಟಕ್ಕೆ ರಿಬ್ಬನ್ ಸಡಿಲವಾಗಿ ಜಾರಿ ಬರುತ್ತದೆ. ಇನ್ನೂ ಎತ್ತಿದರೆ ಕನೆಕ್ಟರೇ ಕೈಗೆ ಬರುತ್ತದೆ. ಉಗುರು ಸಾಲದು, ಪ್ಲಾಸ್ಟಿಕ್ ಕಡ್ಡಿಯ ಚೂಪು ತುದಿ, ಒಳ್ಳೆಯ ಬೆಳಕು, ಭೂತಗನ್ನಡಿ ಇಟ್ಟುಕೊಳ್ಳಿ. ಡಿಸ್ಕ್ ರಿಬ್ಬನ್‌ನ ಮತ್ತು ಜಾಕ್ ರಿಬ್ಬನ್‌ನ ಕನೆಕ್ಟರುಗಳು ಬೇರೆ ಬಗೆ, ಅವುಗಳ ಕಪ್ಪು ರೆಪ್ಪೆಯನ್ನು 90 ಡಿಗ್ರಿ ಮೇಲಕ್ಕೆ ಮಗುಚಿದರೆ ಸಾಕು. ಜಾಕಿನದು ಡಿಸ್ಕಿನ ಕೆಳಗೆ ಅಡಗಿದೆ.

ಡಿಸ್ಕ್ ತೆಗೆಯುವ ಮೊದಲು ರಿಬ್ಬನ್ನಿನ ಚಿನ್ನದ ಬೆರಳುಗಳು ಯಾವ ಮುಖಕ್ಕಿವೆ ಎಂದು ಫೋಟೊ ತೆಗೆದಿಡಿ. ಅಡಾಪ್ಟರಿಗೆ ಅದೇ ಮುಖವಾಗಿ ಹೋಗಬೇಕು. ಡಿಸ್ಕಿನ ಅಂಚಿಗಿರುವ ನೀಲಿ ರಬ್ಬರ್ ಮತ್ತು ಸ್ಪಂಜು ಎಸೆಯಬೇಡಿ.

ಹಳೇ ಬ್ಯಾಟರಿಯನ್ನು ಬೆನ್ನಿಗೆ ಅಂಟಿಸಿರುತ್ತಾರೆ. ಅಂಚಿಗೆ ಎರಡು ಹನಿ ಐಸೊಪ್ರೊಪೈಲ್ ಬಿಟ್ಟು ಐದು ನಿಮಿಷ ಕಾದರೆ ಅಂಟು ಮೆತ್ತಗಾಗುತ್ತದೆ, ಆಮೇಲೆ ಪಿಕ್ಕನ್ನು ಅಡ್ಡಡ್ಡ ಸರಿಸುತ್ತಾ ಬಿಡಿಸಿ. ಬಾಗಿಸಬೇಡಿ, ಚುಚ್ಚಬೇಡಿ. ತೆಗೆದದ್ದು ಮನೆಯ ಕಸದ ಬುಟ್ಟಿಗೆ ಬೀಳಬಾರದು. ಕಸದ ಗಾಡಿಯೊಳಗೆ ನಜ್ಜುಗುಜ್ಜಾದರೆ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಜಾಕ್ ಮತ್ತು ಹೋಲ್ಡ್ ಸ್ವಿಚ್ ಒಂದೇ ಜೋಡಣೆ. ಮೊದಲು ಹತ್ತಿ ಸುತ್ತಿದ ಕಡ್ಡಿಯಿಂದ ಆಲ್ಕೊಹಾಲ್ ಹಾಕಿ ತೊಳೆದು ನೋಡಿದೆವು. ಜೇಬಿನ ನೂಲು ಹಿಂಡುಹಿಂಡಾಗಿ ಬಂತು, ಆದರೂ ಎಡಗಿವಿ ನಿಲ್ಲಲಿಲ್ಲ. ಒಳಗಿನ ಸ್ಪ್ರಿಂಗ್ ಸಂಪರ್ಕ ಸವೆದಿದ್ದರೆ ತೊಳೆದು ಪ್ರಯೋಜನವಿಲ್ಲ, ಜೋಡಣೆಯನ್ನೇ ಬದಲಿಸಬೇಕು. ತರಿಸುವಾಗ 30 ಜಿಬಿಯ ತೆಳು ಬೆನ್ನಿಗೋ ದಪ್ಪ ಬೆನ್ನಿಗೋ ಎಂದು ನೋಡಿಕೊಳ್ಳಿ, ಎರಡರ ರಿಬ್ಬನ್ ಒಂದೇ ಅಲ್ಲ.

ಕೂಡಿಸುವುದು

ಅಡಾಪ್ಟರಿನ ಬೆನ್ನು ಸ್ಟೀಲಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಹಾಗಾಗಿ ಹೀಟ್ ಟೇಪಿನ ಎರಡು ಪದರ. ಡಿಸ್ಕಿನಷ್ಟು ದಪ್ಪ ಅಡಾಪ್ಟರಿಗಿಲ್ಲ. ಉಳಿದ ಸಂದಿಗೆ ಹಳೇ ಸ್ಪಂಜನ್ನೇ ಕತ್ತರಿಸಿ ಇಟ್ಟಿದ್ದೇವೆ. ಅದಿಲ್ಲದಿದ್ದರೆ ಅಲ್ಲಾಡಿಸಿದಾಗ ಕಡ್ಡಿಪೆಟ್ಟಿಗೆಯ ಸದ್ದು ಬರುವುದಷ್ಟೇ ಅಲ್ಲ, ರಿಬ್ಬನ್ ದಿನಾ ಸ್ವಲ್ಪ ಸ್ವಲ್ಪವೇ ಹೊರಜಾರುತ್ತದೆ.

ಪೂರ್ತಿ ಮುಚ್ಚುವ ಮೊದಲೇ ಕಂಪ್ಯೂಟರಿಗೆ ಹಾಕಿ. ನಡುವಿನ ಬಟನ್ ಮತ್ತು ಪ್ಲೇ ಒತ್ತಿ ಹಿಡಿದು ಡಿಸ್ಕ್ ಮೋಡಿಗೆ ತನ್ನಿ, ವಿಂಡೋಸ್ ಕಂಪ್ಯೂಟರಿನ ಐಟ್ಯೂನ್ಸ್‌ನಲ್ಲಿ 'ರಿಸ್ಟೋರ್' ಕೊಡಿ. ವಿಂಡೋಸ್ ಎಂದು ಒತ್ತಿ ಹೇಳಲು ಕಾರಣವಿದೆ. ಅಲ್ಲಿ ರಿಸ್ಟೋರ್ ಮಾಡಿದರೆ ಕಾರ್ಡ್ ರಾಕ್‌ಬಾಕ್ಸ್ ಓದಬಲ್ಲ ಫ್ಯಾಟ್32 ಫಾರ್ಮ್ಯಾಟ್ ಆಗುತ್ತದೆ. ಮ್ಯಾಕ್‌ನಲ್ಲಿ ಮಾಡಿದರೆ ಆಪಲ್‌ನ ಸ್ವಂತ ಫಾರ್ಮ್ಯಾಟ್ ಆಗುತ್ತದೆ, ಅದನ್ನು ರಾಕ್‌ಬಾಕ್ಸ್ ಓದುವುದಿಲ್ಲ. ಅಂಗಡಿಯಿಂದ ಬಂದಾಗ ಕಾರ್ಡಿನಲ್ಲಿರುವ ಎಕ್ಸ್‌ಫ್ಯಾಟ್ ಕೂಡ ಇಲ್ಲಿ ಕೆಲಸಕ್ಕೆ ಬಾರದು.

ರಿಸ್ಟೋರ್ ಮುಗಿದ ಮೇಲೂ 'ಮತ್ತೆ ರಿಸ್ಟೋರ್ ಮಾಡಿ' ಎಂದು ಕೇಳುತ್ತಲೇ ಇದ್ದರೆ ಹತ್ತರಲ್ಲಿ ಒಂಬತ್ತು ಸಲ ರಿಬ್ಬನ್ ಒಂದು ಕೂದಲೆಳೆ ಓರೆಯಾಗಿ ಕೂತಿರುತ್ತದೆ. ರೆಪ್ಪೆ ತೆರೆದು, ಬಿಳಿ ಗೆರೆ ಕನೆಕ್ಟರಿನ ಅಂಚಿಗೆ ಸಮಾನಾಂತರವಾಗಿ ಬರುವಂತೆ ಮತ್ತೆ ಕೂರಿಸಿ. ಆಮೇಲೂ ಹಾಗೇ ಆದರೆ ಕಾರ್ಡನ್ನು ಅನುಮಾನಿಸಿ.

ರಾಕ್‌ಬಾಕ್ಸ್

ಆಪಲ್ ಸಾಫ್ಟ್‌ವೇರ್‌ನಲ್ಲೂ ಸಂಗೀತ ಕೇಳಬಹುದು, ಆದರೆ ಅದು ಫ್ಲ್ಯಾಕ್ ಓದುವುದಿಲ್ಲ, ಹಾಡು ಹಾಕಲು ಐಟ್ಯೂನ್ಸ್ ಬೇಕೇ ಬೇಕು. ರಾಕ್‌ಬಾಕ್ಸ್ ಯುಟಿಲಿಟಿ ಓಡಿಸಿ, ಯಂತ್ರವನ್ನು ಗುರುತಿಸಲು ಬಿಟ್ಟು, ಬೂಟ್‌ಲೋಡರ್ (ಆನ್ ಆದಾಗ ಮೊದಲು ಏಳುವ ಪುಟ್ಟ ಪ್ರೋಗ್ರಾಂ) ಸಹಿತ ಇನ್‌ಸ್ಟಾಲ್ ಕೊಟ್ಟರೆ ಮುಗಿಯಿತು. ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿದಂತೆ ಫೋಲ್ಡರ್ ಫೋಲ್ಡರಾಗಿ ಹಾಕಬಹುದು. ಆಪಲ್ ಸಾಫ್ಟ್‌ವೇರ್ ಅಳಿಸಿಹೋಗುವುದಿಲ್ಲ, ಆನ್ ಆಗುವ ಹೊತ್ತಿಗೆ ಹೋಲ್ಡ್ ಸ್ವಿಚ್ ಸರಿಸಿದರೆ ಹಳೆಯದೇ ಏಳುತ್ತದೆ.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ: ಫೈಲಿನ ಹೆಸರು, ಟ್ಯಾಗ್ ಕನ್ನಡದಲ್ಲಿದ್ದರೆ ರಾಕ್‌ಬಾಕ್ಸ್ ಅದನ್ನು ಸರಿಯಾಗಿ ತೋರಿಸುವುದಿಲ್ಲ. ಕನ್ನಡ ಅಕ್ಷರಗಳಿರುವ ಯೂನಿಕೋಡ್ ಫಾಂಟ್ ಹಾಕಿದರೂ ಒತ್ತಕ್ಷರ ಕೆಳಗೆ ಕೂರುವುದಿಲ್ಲ, ಗುಣಿತ ಚಿಹ್ನೆ ಅಕ್ಷರಕ್ಕೆ ಕೂಡಿಕೊಳ್ಳುವುದಿಲ್ಲ. ಅಕ್ಷರ ಜೋಡಿಸುವ ಕೆಲಸವೇ ಅದರಲ್ಲಿಲ್ಲ. ಸದ್ಯಕ್ಕೆ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಇಡುವುದೊಂದೇ ದಾರಿ. 'ರಾಗ-ಕೃತಿ-ತಾಳ' ಕ್ರಮದಲ್ಲಿ ಹೆಸರಿಟ್ಟರೆ ಪಟ್ಟಿ ರಾಗವಾರು ತಾನೇ ಜೋಡಣೆಯಾಗುತ್ತದೆ.

ಸೆಟ್ಟಿಂಗ್‌ಗಳಲ್ಲಿ ಮುಟ್ಟಬೇಕಾದವು ಕೆಲವೇ. ಹೊಸ ಬ್ಯಾಟರಿಯ ಎಂಎಎಚ್ ಅಂಕಿ ಬರೆಯಿರಿ, ಇಲ್ಲದಿದ್ದರೆ ಉಳಿದ ಗಂಟೆಗಳ ಅಂದಾಜು ತಪ್ಪುತ್ತದೆ. ಒಂದು ಹಾಡನ್ನು ಇನ್ನೊಂದರೊಳಗೆ ಕರಗಿಸುವ ಕ್ರಾಸ್‌ಫೇಡ್ ಆಫ್. ಚಕ್ರ ತಿರುಗಿಸಿದಾಗ ಬರುವ ಕ್ಲಿಕ್ ಸದ್ದು ಆಫ್. ವಾಲ್ಯೂಮ್ 0 ಡೆಸಿಬೆಲ್ ದಾಟಿಸಬೇಡಿ. ಈಕ್ವಲೈಸರ್‌ನಲ್ಲಿ ಯಾವುದನ್ನಾದರೂ 3 ಡೆಸಿಬೆಲ್ ಏರಿಸಿದರೆ ಒಟ್ಟು ಸದ್ದನ್ನು ಮೊದಲೇ ಇಳಿಸುವ 'ಪ್ರೀಕಟ್' ಕೂಡ 3 ಡೆಸಿಬೆಲ್ ಇಡಿ. ಏರಿಸಿದ್ದಕ್ಕೆ ಮೇಲೆ ಜಾಗ ಇಲ್ಲದಿದ್ದರೆ ಅಲೆಯ ತಲೆ ಕತ್ತರಿಸಿ ಕರಕರ ಬರುತ್ತದೆ. ಹಾಡುಗಳ ಜೋರನ್ನು ಸರಿದೂಗಿಸುವ ರೀಪ್ಲೇಗೇನ್ 'ಆಲ್ಬಮ್' ಮೋಡಿನಲ್ಲಿರಲಿ. 'ಟ್ರ್ಯಾಕ್' ಮೋಡಿನಲ್ಲಿಟ್ಟರೆ ಮೆಲ್ಲಗಿನ ಆಲಾಪನೆಯೂ ತನಿ ಆವರ್ತನವೂ ಒಂದೇ ಎತ್ತರಕ್ಕೆ ಬಂದು ಕಛೇರಿಯ ಏರಿಳಿತವೇ ಸತ್ತುಹೋಗುತ್ತದೆ.

ಫೈಲುಗಳು

ಈ ಯಂತ್ರದಲ್ಲಿ ರಾಕ್‌ಬಾಕ್ಸ್ ಹೊರಗೆ ಕೊಡುವುದು 16 ಬಿಟ್, 44.1 ಕಿಲೊಹರ್ಟ್ಜ್. 24 ಬಿಟ್, 96 ಕಿಲೊಹರ್ಟ್ಜ್‌ನ ಫ್ಲ್ಯಾಕ್ ಹಾಕಿದರೆ ಅದು ಹಾಡುತ್ತದೆ, ಆದರೆ ಒಳಗೇ 44.1ಕ್ಕೆ ಇಳಿಸಿ ಹಾಡುತ್ತದೆ. ಆ ಇಳಿಸುವ ಕೆಲಸ 80 ಮೆಗಾಹರ್ಟ್ಜ್‌ನ ಪುಟ್ಟ ಪ್ರೊಸೆಸರ್‌ನ ಮೇಲೆ ಬೀಳುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಕಿವಿಗೆ ಏನೂ ಹೆಚ್ಚು ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಒಳ್ಳೆಯ ರೀಸ್ಯಾಂಪ್ಲರ್ ಬಳಸಿ, ಡಿದರ್ (ಬಿಟ್ ಇಳಿಸುವಾಗಿನ ಒರಟುತನ ಮರೆಸುವ ಸಣ್ಣ ಗದ್ದಲ) ಹಾಕಿ, 16/44.1 ಮಾಡಿಕೊಂಡು ತುಂಬಿಸಿ. ಮೂಲ ಫೈಲ್ ಕಂಪ್ಯೂಟರಿನಲ್ಲೇ ಇರಲಿ. ಫ್ಲ್ಯಾಕ್‌ನಂತೆಯೇ ನಷ್ಟವಿಲ್ಲದೆ ಕುಗ್ಗಿಸುವ ಮಂಕೀಸ್ ಆಡಿಯೊದ ಎಕ್ಸ್‌ಟ್ರಾ ಹೈ ಫೈಲುಗಳನ್ನಂತೂ ಇದು ಹಾಡಿನ ವೇಗಕ್ಕೆ ಬಿಡಿಸಲಾರದೆ ತಡವರಿಸುತ್ತದೆ. ಫ್ಲ್ಯಾಕ್ ಮಾಡಿಬಿಡಿ, ನಷ್ಟವಿಲ್ಲ.

ರಾಗ, ತಾನ, ಪಲ್ಲವಿಯನ್ನು ಸಿಡಿಗಳಲ್ಲಿ ಮೂರು ಟ್ರ್ಯಾಕ್ ಮಾಡಿರುತ್ತಾರೆ. ಕೆಳಗೆ ತಂಬೂರಿ ಕಡಿಯದೆ ಹರಿಯುತ್ತಿರುತ್ತದೆ. ಟ್ರ್ಯಾಕ್ ಬದಲಾಗುವಾಗ ತಂಬೂರಿ ಒಂದು ಕ್ಷಣ ಕಡಿದರೆ ಶ್ರುತಿಯೇ ಕಡಿದಂತೆ. ಫ್ಲ್ಯಾಕ್‌ನಲ್ಲಿ ಈ ತೊಂದರೆ ಇಲ್ಲ. ಎಂಪಿ3 ಸದ್ದನ್ನು 1152 ಸ್ಯಾಂಪಲ್‌ಗಳ ತುಂಡುಗಳಾಗಿ ಕಟ್ಟುತ್ತದೆ, ಕೊನೆಯ ತುಂಡು ತುಂಬದಿದ್ದರೆ ಮೌನ ಸೇರಿಸುತ್ತದೆ. ಎಷ್ಟು ಸೇರಿಸಿದೆ ಎಂಬುದನ್ನು ಲೇಮ್ ಎನ್‌ಕೋಡರ್ ಫೈಲಿನ ತಲೆಯಲ್ಲಿ ಬರೆದಿಡುತ್ತದೆ, ರಾಕ್‌ಬಾಕ್ಸ್ ಅದನ್ನೋದಿ ಕತ್ತರಿಸುತ್ತದೆ. ಎಲ್ಲೆಲ್ಲಿಂದಲೋ ಬಂದ ಎಂಪಿ3ಗಳಲ್ಲಿ ಆ ಮಾಹಿತಿ ಇರುವುದಿಲ್ಲ, ತಂಬೂರಿ ಕಡಿಯುವುದು ಅಂಥವುಗಳಲ್ಲಿ.

1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ಮನೆಯಿಂದ ಆಕಾಶವಾಣಿ ಎಂಬ ರೇಡಿಯೊ ಕೇಂದ್ರ ಶುರುಮಾಡಿದ ಊರು ಮೈಸೂರು. ರೇಡಿಯೊ ಕಛೇರಿಗಳನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟ ಮನೆಗಳು ಇಲ್ಲಿ ಇನ್ನೂ ಇವೆ. ಅವುಗಳನ್ನು ಇದರೊಳಗೆ ತರುವುದಾದರೆ ಡೆಕ್ಕಿನ ಹೆಡ್‌ಫೋನ್ ತೂತಿನಿಂದ ಅಲ್ಲ, ಲೈನ್-ಔಟಿನಿಂದ (ಬೇರೆ ಯಂತ್ರಕ್ಕೆ ಸದ್ದು ಕೊಡಲೆಂದೇ ಇರುವ ಹೊರದಾರಿ) ತೆಗೆಯಿರಿ. ಮೊದಲು ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಅಜಿಮತ್, ಅಂದರೆ ಟೇಪಿಗೆ ಹೆಡ್ಡಿನ ಓರೆ, ಹೊಂದಿಸಬೇಕು; ಎರಡೂ ಬದಿ ಕೂಡಿಸಿ ಮೋನೊದಲ್ಲಿ ಕೇಳುತ್ತಾ, ತಾರಸ್ಥಾಯಿ ಅತ್ಯಂತ ಸ್ಪಷ್ಟವಾದ ಕಡೆ ನಿಲ್ಲಿಸಿ. 24 ಬಿಟ್‌ನಲ್ಲಿ, ಅತಿ ಎತ್ತರದ ಸದ್ದು ಮೈನಸ್ 6 ಡೆಸಿಬೆಲ್ ಮೀರದಂತೆ ಹಿಡಿದು ಆಮೇಲೆ 16ಕ್ಕೆ ಇಳಿಸಿ. ಟೇಪಿನ ಬುಸುಗುಡುವ ಸದ್ದನ್ನು ಸಾಫ್ಟ್‌ವೇರ್ ಹಾಕಿ ಪೂರ್ತಿ ಒರೆಸಲು ಹೋಗಬೇಡಿ. ಬುಸುಗುಡುವುದಕ್ಕೂ ತಂಬೂರಿಯ ಜೀವಾಳಕ್ಕೂ ಆ ಸಾಫ್ಟ್‌ವೇರಿಗೆ ವ್ಯತ್ಯಾಸ ತಿಳಿಯದು, ಎರಡನ್ನೂ ತಿನ್ನುತ್ತದೆ.

ತಗ್ಗುಸ್ವರ ಎಲ್ಲಿ ಸೋರುತ್ತದೆ

ಎಲ್ಲ ಕೂಡಿಸಿ, ಮುಚ್ಚಿ, ಮೃದಂಗದ ಕಛೇರಿ ಹಾಕಿದಾಗ ಒಂದು ಕೊರತೆ ಕಿವಿಗೆ ಬೀಳುತ್ತದೆ. ಬಲ ಮುಖದ ಛಾಪು ಹೊಡೆತ ಚುರುಕಾಗಿದೆ, ಎಡ ಮುಖವಾದ ತೊಪ್ಪಿಗೆ ಮೈ ಇಲ್ಲ. ರವೆಯ ಹಿಟ್ಟು ಹಚ್ಚಿದ ತೊಪ್ಪಿಯ ಗುಂಯ್ ಎನ್ನುವ ನಾದ ಅರ್ಧಕ್ಕೇ ನಿಂತಂತಿದೆ. ಅದೇ ಫೈಲ್, ಅದೇ ಯಂತ್ರ, 300 ಓಮ್‌ನ ದೊಡ್ಡ ಹೆಡ್‌ಫೋನ್ ಹಾಕಿದರೆ ತೊಪ್ಪಿ ಹಿಂತಿರುಗುತ್ತದೆ. ಅಂದರೆ ದೋಷ ಚಿಪ್ಪಿನಲ್ಲಿಲ್ಲ, ಫೈಲಿನಲ್ಲಿಲ್ಲ.

ಚಿಪ್ಪಿಗೂ ಹೆಡ್‌ಫೋನಿಗೂ ನಡುವೆ, ನೇರ ವಿದ್ಯುತ್ತನ್ನು ತಡೆಯಲು ಪ್ರತಿ ಬದಿಗೆ ಒಂದು ಕೆಪಾಸಿಟರ್ ಇದೆ. ಅದೂ ಹೆಡ್‌ಫೋನಿನ ಓಮ್ಸೂ ಸೇರಿ ತಗ್ಗುಸ್ವರಕ್ಕೊಂದು ಜರಡಿಯಾಗುತ್ತವೆ. ಜರಡಿಯ ಗಡಿ ಎಷ್ಟು ಹರ್ಟ್ಜ್ ಎಂಬುದಕ್ಕೆ ಲೆಕ್ಕ: 1 ಭಾಗಿಸು (2 × 3.1416 × ಓಮ್ × ಫ್ಯಾರಡ್). ಉದಾಹರಣೆಗೆ 100 ಮೈಕ್ರೊಫ್ಯಾರಡ್ ಹಿಡಿದರೆ 16 ಓಮ್‌ಗೆ ಗಡಿ 99 ಹರ್ಟ್ಜ್, 32 ಓಮ್‌ಗೆ 50, 300 ಓಮ್‌ಗೆ 5. ಗಡಿಯಲ್ಲಿ 3 ಡೆಸಿಬೆಲ್ ನಷ್ಟ, ಅದಕ್ಕಿಂತ ಕೆಳಗೆ ಹೋದಂತೆಲ್ಲ ಇನ್ನೂ ಹೆಚ್ಚು.

ಇದನ್ನು ತಂಬೂರಿಗೆ ಹಚ್ಚಿ ನೋಡಿ. ಸಿ ಶ್ರುತಿಯಲ್ಲಿ ಹಾಡುವ ಗಂಡುದನಿಗೆ ಮಧ್ಯಸ್ಥಾಯಿ ಷಡ್ಜ 130.8 ಹರ್ಟ್ಜ್, ತಂಬೂರಿಯ ಮಂದ್ರ ಷಡ್ಜ 65.4. ಮೇಲಿನ ಉದಾಹರಣೆಯಲ್ಲಿ 32 ಓಮ್ ಇಯರ್‌ಫೋನಿನಲ್ಲಿ ಆ ಮಂದ್ರ ಷಡ್ಜದ ಮೂಲಸ್ವರ 2 ಡೆಸಿಬೆಲ್ ಕುಗ್ಗುತ್ತದೆ. 16 ಓಮ್‌ನಲ್ಲಿ 5 ಡೆಸಿಬೆಲ್‌ಗೂ ಹೆಚ್ಚು. ತಂಬೂರಿಯನ್ನು ನಾವು ಗುರುತಿಸುವುದು ಬಹುಪಾಲು ಅದರ ಮೇಲುಸ್ವರಗಳಿಂದ, ಹಾಗಾಗಿ ತಂಬೂರಿ ಕಾಣೆಯಾಗುವುದಿಲ್ಲ, ಅದರ ಹಾಸು ತೆಳುವಾಗುತ್ತದೆ. ತೊಪ್ಪಿಗೆ ಆ ಆಸರೆಯಿಲ್ಲ, ಅದರ ನಾದದ ಬಲವೆಲ್ಲ ತಳದಲ್ಲೇ ಇರುವುದು. ಹೀಗಾಗಿ ಪರೀಕ್ಷೆಗೆ ಮೃದಂಗವೇ ಸರಿ.

ಪರಿಹಾರ ಮೂರು. ಈಕ್ವಲೈಸರ್‌ನಲ್ಲಿ 60 ಹರ್ಟ್ಜ್‌ನ ಲೋ ಶೆಲ್ಫ್ (ತಗ್ಗುಸ್ವರಗಳನ್ನೆಲ್ಲ ಒಟ್ಟಿಗೆ ಏರಿಳಿಸುವ ಆಯ್ಕೆ) 3 ಡೆಸಿಬೆಲ್ ಏರಿಸಿ, ಪ್ರೀಕಟ್ 3 ಕೊಡುವುದು ಸುಲಭದ್ದು, ದಿನಬಳಕೆಗೆ ಸಾಕು. ಹೆಚ್ಚು ಓಮ್‌ನ ಹೆಡ್‌ಫೋನ್ ಬಳಸುವುದು ಎರಡನೆಯದು. ಆದರೆ 300 ಓಮ್‌ನದನ್ನು ಈ ಪುಟ್ಟ ಯಂತ್ರ ಜೋರಾಗಿ ನುಡಿಸಲಾರದು, ಮೌನವಾದ ಕೋಣೆ ಬೇಕು. ಮೂರನೆಯದು ಹೆಡ್‌ಫೋನ್ ತೂತನ್ನೇ ಬಿಟ್ಟು, ಕೆಳಗಿನ 30 ಪಿನ್ ಕನೆಕ್ಟರಿನಿಂದ ಲೈನ್-ಔಟ್ ತೆಗೆದು ಬೇರೆ ಆಂಪ್ಲಿಫೈಯರಿಗೆ ಕೊಡುವುದು. ಆಂಪ್ಲಿಫೈಯರಿನ ಒಳತಡೆ 10,000 ಓಮ್ ಇದ್ದರೆ ಬರೀ 1 ಮೈಕ್ರೊಫ್ಯಾರಡ್ ಇದ್ದರೂ ಗಡಿ 16 ಹರ್ಟ್ಜ್‌ಗೆ ಇಳಿಯುತ್ತದೆ. ಇಲ್ಲಿ ಕಿವಿಗೆ ಸಿಗುವ ಲಾಭ, ಹೈ-ರೆಸ್ ಫೈಲಿಗೆಂದು ಕೊಡುವ ದುಡ್ಡಿನಿಂದ ಎಂದೂ ಸಿಗದು.

ಲೈನ್-ಔಟ್ ಕೇಬಲ್

ಬೇಕಾದ್ದು: ಬೆಸುಗೆ ಹಾಕಬಹುದಾದ 30 ಪಿನ್ ಪ್ಲಗ್ ಒಂದು, 3.5 ಮಿಲಿಮೀಟರ್ ಸ್ಟೀರಿಯೊ ಪ್ಲಗ್ ಒಂದು, ಎರಡೆಳೆಯ ಶೀಲ್ಡ್ ವೈರ್ 15 ಸೆಂಟಿಮೀಟರ್. ಪಿನ್ 2 ಆಡಿಯೊ ಗ್ರೌಂಡ್, 3 ಬಲ, 4 ಎಡ. ಬೇರೆ ಯಾವ ಪಿನ್ನಿಗೂ ಏನೂ ಬೇಡ. ಈ ಮಾದರಿಗೆ ರೆಸಿಸ್ಟರ್ ಕೂಡ ಬೇಡ.

ಎಡವುವುದು ಎಣಿಕೆಯಲ್ಲಿ. ಪ್ಲಗ್ಗನ್ನು ಮಗುಚಿ ಹಿಡಿದು ಎಣಿಸಿದರೆ 4ರ ಜಾಗಕ್ಕೆ 27 ಬರುತ್ತದೆ, ಅದು ಯುಎಸ್‌ಬಿಯ ಡೇಟಾ ಪಿನ್. 2ರ ಜಾಗಕ್ಕೆ ಬರುವ 29 ಕೂಡ ಗ್ರೌಂಡೇ. ಹಾಗಾಗಿ ಗ್ರೌಂಡ್ ಸರಿ ಇದೆ ಎಂದು ಮೀಟರ್ ಹೇಳುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಬೆಸುಗೆಗೆ ಮೊದಲು ಪ್ಲಗ್ಗನ್ನು ಐಪಾಡಿಗೆ ಸಿಕ್ಕಿಸಿ, 1ನೇ ಪಿನ್ನಿನ ಬದಿಗೆ ಮಾರ್ಕರ್‌ನಿಂದ ಚುಕ್ಕಿ ಇಡಿ. ಪಿನ್‌ಗಳು ಬಹಳ ಒತ್ತೊತ್ತಾಗಿವೆ: 0.5 ಮಿಲಿಮೀಟರ್ ಸೀಸ, ಚೂಪು ತುದಿಯ ಐರನ್, ಒಂದು ಪಿನ್ನಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಬಿಸಿ ಬೇಡ, ಪ್ಲಾಸ್ಟಿಕ್ ಕರಗಿ ಪಿನ್ ಓರೆಯಾಗುತ್ತದೆ. ಮುಗಿದ ಮೇಲೆ 2-3, 3-4, 2-4 ನಡುವೆ ಶಾರ್ಟ್ ಇಲ್ಲವೆಂದು ಮೀಟರಿನಲ್ಲಿ ನೋಡಿ. ವೈರ್ ಎಳೆದಾಗ ಜಗ್ಗುವುದು ಬೆಸುಗೆಯನ್ನಾಗಬಾರದು. ಪ್ಲಗ್ಗಿನ ಹೊದಿಕೆಯೊಳಗೆ ವೈರಿಗೊಂದು ಗಂಟು ಅಥವಾ ಬಿಸಿ ಗೋಂದು ಹಾಕಿ.

ಲೈನ್-ಔಟ್ ಹೆಡ್‌ಫೋನಿನ ವಾಲ್ಯೂಮಿಗೆ ಬಗ್ಗುವುದಿಲ್ಲ, ಸದ್ದು ಒಂದೇ ಮಟ್ಟದಲ್ಲಿ ಬರುತ್ತದೆ. ಮೊದಲ ಸಲ ಹಾಕುವಾಗ ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ಇಳಿಸಿರಲಿ. ಈ ದಾರಿಯಲ್ಲಿ ಕೇಳುವಾಗ ಈಕ್ವಲೈಸರ್‌ನ 3 ಡೆಸಿಬೆಲ್ ಏರಿಕೆ ತೆಗೆಯಿರಿ, ಇಲ್ಲದಿದ್ದರೆ ತೊಪ್ಪಿ ಉಬ್ಬುತ್ತದೆ. ಮನೆಯ ದೊಡ್ಡ ಆಂಪ್ಲಿಫೈಯರಿಗೆ ಹಾಕಿ ಅದೇ ಹೊತ್ತಿಗೆ ಐಪಾಡನ್ನು ಚಾರ್ಜಿಗಿಟ್ಟರೆ ಹಂ ಎಂದು ಗುನುಗುವ ಸದ್ದು ಬರಬಹುದು. ಚಾರ್ಜರಿನ ಗ್ರೌಂಡೂ ಆಂಪ್ಲಿಫೈಯರಿನ ಗ್ರೌಂಡೂ ಕೂಡಿ ಸುತ್ತು ಬಿದ್ದಿರುತ್ತದೆ, ಚಾರ್ಜರ್ ಕಿತ್ತರೆ ನಿಲ್ಲುತ್ತದೆ.

ಕೇಳಿ ಹೊಂದಿಸುವಾಗ

ತೊಪ್ಪಿ ಎಷ್ಟಿರಬೇಕು ಎಂಬ ಅಳತೆಯನ್ನು ಗಣಪತಿ ಹಬ್ಬದ ಪೆಂಡಾಲಿನಿಂದ ತರಬೇಡಿ. ಒಂಟಿಕೊಪ್ಪಲಿನ 8ನೇ ಕ್ರಾಸಿನ ಕಛೇರಿಗಳು ಎಷ್ಟೇ ಸೊಗಸಾಗಿದ್ದರೂ ಅಲ್ಲಿ ಕೇಳುವುದು ಮೈಕು ಮತ್ತು ದೊಡ್ಡ ಸ್ಪೀಕರಿನ ಮೂಲಕ ಬಂದ ಮೃದಂಗ. ಮೈಕಿಲ್ಲದ ಮನೆಯ ಕಛೇರಿಯಲ್ಲಿ ಹತ್ತು ಅಡಿ ದೂರದಲ್ಲಿ ಕೂತು ಕೇಳಿದ ಕಿವಿಯೇ ಅಳತೆಗೋಲು. ಚುರುಕುತನ ಅಳೆಯಲು ವೀಣೆ ಒಳ್ಳೆಯದು. ದೊರೆಸ್ವಾಮಿ ಅಯ್ಯಂಗಾರ್ ಅವರ ಮೈಸೂರು ಬಾನಿಯ ಮೀಟು ಪ್ರತಿಯೊಂದೂ ಬಿಡಿಬಿಡಿಯಾಗಿ, ಅದರ ಹಿಂದೆಯೇ ತಾಳದ ತಂತಿ ಬೇರೆಯಾಗಿ ಕೇಳಬೇಕು. ಮೀಟು ಮೊಂಡಾಗಿದ್ದರೆ ಈಕ್ವಲೈಸರ್‌ನಲ್ಲಿ ತಗ್ಗುಸ್ವರ ಹೆಚ್ಚಾಗಿದೆ.

ಇಯರ್‌ಫೋನ್ ಆರಿಸುವಾಗ ಒಳಗೆ ಹಲವು ಡ್ರೈವರ್‌ಗಳಿರುವ, ಓಮ್ ತೀರಾ ಕಡಿಮೆ ಇರುವವುಗಳನ್ನು ಇದಕ್ಕೆ ತರಬೇಡಿ. ಯಂತ್ರದ ಹೊರತಡೆ (ಸದ್ದು ಹೊರಬರುವ ದಾರಿಯಲ್ಲಿ ಯಂತ್ರದ್ದೇ ಆದ ಓಮ್) ಇಯರ್‌ಫೋನಿನ ಓಮ್ಸಿನ ಎಂಟನೇ ಒಂದಕ್ಕಿಂತ ಕಡಿಮೆ ಇರಬೇಕು ಎಂಬ ಲೆಕ್ಕ ಅಂಥವುಗಳಲ್ಲಿ ತಪ್ಪುತ್ತದೆ. ಅವುಗಳ ಓಮ್ ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ ದನಿಯ ಬಣ್ಣವೇ ಬದಲಾಗುತ್ತದೆ. 32 ಓಮ್‌ನ, ಒಂದೇ ಡೈನಾಮಿಕ್ ಡ್ರೈವರ್ ಇರುವ, ಕಿವಿಯನ್ನು ಚೆನ್ನಾಗಿ ಮುಚ್ಚುವ ಸಾದಾ ಇಯರ್‌ಫೋನ್ ಮೈಸೂರು-ಬೆಂಗಳೂರು ರೈಲಿನ ಗದ್ದಲದಲ್ಲೂ ಹೆಚ್ಚು ಕೇಳಿಸುತ್ತದೆ. ಹಾರ್ಡ್ ಡಿಸ್ಕ್ ತಿರುಗುವಾಗ ಬರುತ್ತಿದ್ದ ಸಣ್ಣ ಗುಂಯ್‌ಗುಡುವಿಕೆ ಕಾರ್ಡ್ ಹಾಕಿದ ಮೇಲೆ ಹೋಗಿದೆ. ತೀರಾ ಸೂಕ್ಷ್ಮವಾದ ಇಯರ್‌ಫೋನಿನಲ್ಲಿ ಕಾರ್ಡ್ ಓದುವ ಕ್ಷಣ ಒಂದು ಚಿಟ್ ಕೇಳಬಹುದು, ಅದು ಬಫರ್ ತುಂಬಿದ ಕೂಡಲೇ ನಿಲ್ಲುತ್ತದೆ.

ಉಳಿದಿರುವ ಕೆಲಸ ಒಂದು: ಸ್ಟೀಲ್ ಬೆನ್ನಿನ ಮೇಲ್ತುದಿಯ ಎರಡು ಕೊಕ್ಕೆ ಹಳೆಯ ರಿಪೇರಿಯಲ್ಲಿ ಬಾಗಿವೆ, ಸಂದು ಕೂದಲೆಳೆಯಷ್ಟು ತೆರೆದಿದೆ. ಚಪ್ಪಟೆ ಮೂತಿಯ ಇಕ್ಕುಳಕ್ಕೆ ಟೇಪ್ ಸುತ್ತಿ ಒಳಗಿನಿಂದ ನೇರ ಮಾಡಿಕೊಂಡು ಮುಚ್ಚಬೇಕು. ಅಲ್ಲಿಯವರೆಗೆ ಜೇಬಿಗೆ ಹಾಕುವುದಿಲ್ಲ. ಆ ಸಂದಿನ ಕೆಳಗೇ ಹೊಸ ಜಾಕಿನ ರಿಬ್ಬನ್ ಇದೆ.